ಲಾಳಿ ಗಿಣಿ

ಅಮ್ಮ ಹೇಳುವುದು ನನಗೆ ಅರ್ಥವಾಗಬಾರದು ಎಂದು ಒಬ್ಬರು ಕಟ್ಟುನಿಟ್ಟಾಗಿ ಹೇಳಿದ್ದರು. ಹೇಳಿದವರು ಶತ್ರುಗಳೇನಲ್ಲ, ಮಾತಿನ ಡಾಕ್ಟರು. ಪೂರ್ತಿ ಡಾಕ್ಟರಲ್ಲವಂತೆ, ಮಾತು ಮರಳಿ ಕಲಿಸುವ ತರಬೇತಿ ಪಡೆದವರಂತೆ. ನಮ್ಮ ಬೀದಿಯವರಿಗೆ ಬಿಳಿ ಕೋಟು ಹಾಕಿದವರೆಲ್ಲ ಡಾಕ್ಟರೇ. ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ವಾರಕ್ಕೊಮ್ಮೆ ಬೆಂಗಳೂರಿನಿಂದ ದೊಡ್ಡಬಳ್ಳಾಪುರದ ಒಂದು ಸಣ್ಣ ಕ್ಲಿನಿಕ್ಕಿಗೆ ಬಂದು ಹೋಗುತ್ತಿದ್ದರು. ಅಮ್ಮನಿಗೆ ಲಕ್ವ ಹೊಡೆದು, ಬಲಗೈ ಸೋತು, ದನಿ ನಿಂತುಹೋಗಿತ್ತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಅವರ ಹತ್ತಿರ ಹೋದೆ.

ಮೊದಲ ದಿನ ಅವರು ಅಮ್ಮನನ್ನು ಎದುರಿಗೆ ಕೂರಿಸಿಕೊಂಡು, "ಮಗಳು ಎಲ್ಲಿ ಕೆಲಸ ಮಾಡ್ತಾರೆ, ಹೇಳಿ ನೋಡೋಣ" ಎಂದರು. ಅಮ್ಮ ತುಟಿ ಆಡಿಸಿದಳು. ಬಲಗಡೆಯ ತುಟಿ ಜೋತುಬಿದ್ದಿತ್ತು, ಕೆಲಸವೆಲ್ಲ ಎಡಗಡೆಯದೇ. ದನಿ ಒಂದು ಚೂರೂ ಹೊರಡಲಿಲ್ಲ. ಪಕ್ಕದಲ್ಲಿ ಕೂತಿದ್ದ ನಾನು, "ಇನ್ವರ್ಟರ್ ಫ್ಯಾಕ್ಟ್ರೀಲಿ ಬೋರ್ಡ್ ಟೆಸ್ಟಿಂಗು. ಕೆಲಸ ಕಮ್ಮಿ, ಕೊಬ್ಬು ಜಾಸ್ತಿ ಅಂತಾವ್ಳೆ" ಎಂದೆ.

ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ದನಿನೇ ಬರ್ಲಿಲ್ವಲ್ಲ, ನಿಮಗೆ ಹೇಗೆ ಗೊತ್ತಾಯ್ತು?"

"ತುಟಿ ನೋಡ್ದೆ."

ಅಮ್ಮನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಬರಲು ಹೇಳಿದರು. ಬಂದ ಮೇಲೆ ಬಾಗಿಲು ಮುಂದೆ ಮಾಡಿ, ಮೆಲ್ಲಗೆ ಆದರೆ ಖಡಾಖಂಡಿತವಾಗಿ ಹೇಳಿದರು. "ನಿಮ್ಮಮ್ಮನ ತಲೇಲಿ ಮಾತು ಸರಿಯಾಗೇ ಇದೆ. ಗಂಟಲಿನ ಸ್ನಾಯು ಸೋತಿದೆ, ಸತ್ತಿಲ್ಲ. ಅದಕ್ಕೆ ಈಗ ಕೆಲಸ ಕೊಡಬೇಕು, ಬಿಟ್ಟರೆ ಆಮೇಲೆ ಏಳಲ್ಲ. ಆದರೆ ನಿಮಗೆ ತುಟಿಯಲ್ಲೇ ಅರ್ಥ ಆಗ್ತಿದ್ರೆ ಅವರು ದನಿ ಯಾಕೆ ತೆಗೀತಾರೆ? ಇವತ್ತಿಂದ ನಿಮಗೆ ಅರ್ಥ ಆಗಬಾರದು. ಅರ್ಥ ಆದ್ರೂ ಆಗಿಲ್ಲ ಅನ್ನಿ. ಕೇಳಿಸ್ತಿಲ್ಲ, ಜೋರಾಗಿ ಹೇಳು ಅನ್ನಿ."

ನಮ್ಮ ಬೀದಿಯ ಮಾತಿನ ಕಥೆ ಅವರಿಗೆ ಗೊತ್ತಿರಲಿಲ್ಲ. ನಮ್ಮದು ಮಗ್ಗದ ಬೀದಿ. ಪ್ರತಿ ಮನೆಯ ಮುಂದಿನ ಹಜಾರದಲ್ಲೂ ಎರಡೋ ನಾಲ್ಕೋ ಪವರ್‌ಲೂಮು, ಗೋಡೆಗೆ ಗೋಡೆ ಅಂಟಿದ ಮನೆಗಳು. ಕರೆಂಟು ಇರುವವರೆಗೂ ಲಾಳಿಗಳು ಆ ಕಡೆಯಿಂದ ಈ ಕಡೆಗೆ ಬಡಿದಾಡುತ್ತಲೇ ಇರುತ್ತವೆ. ಆ ಸದ್ದಿನಲ್ಲಿ ಕೂಗಿ ಮಾತಾಡುತ್ತೇನೆ ಎನ್ನುವವರು ಸಂಜೆಯೊಳಗೆ ಗಂಟಲು ಕಟ್ಟಿಸಿಕೊಂಡು ಕೂರಬೇಕು. ಹಾಗಾಗಿ ಮಗ್ಗದ ಮನೆಯವರು ಕೂಗುವುದಿಲ್ಲ. ತುಟಿಯನ್ನು ನಿಧಾನವಾಗಿ, ಅಗಲವಾಗಿ ಆಡಿಸುತ್ತೇವೆ; ದನಿ ಖರ್ಚು ಮಾಡುವುದಿಲ್ಲ. ದೂರದಲ್ಲಿರುವವರನ್ನು ಕರೆಯಬೇಕಾದರೆ ಟ್ಯೂಬ್‌ಲೈಟಿನ ಸ್ವಿಚ್ಚನ್ನು ಒಮ್ಮೆ ಆರಿಸಿ ಹಾಕುವುದು. ಅವರು ತಲೆಯೆತ್ತಿದ ಮೇಲೆ ತುಟಿಯ ಮಾತು. ಅಕ್ಷರ ಕಲಿಯುವ ಮೊದಲೇ ನಾನು ಅಮ್ಮನ ತುಟಿ ಓದಲು ಕಲಿತಿದ್ದೆ. ಅಮ್ಮ ಅಪ್ಪನಿಗೆ ಬೈದದ್ದು, ಅಪ್ಪ ಅದಕ್ಕೆ ಕೊಟ್ಟ ಉತ್ತರ, ಮನೆಗೆ ಬಂದ ನೆಂಟರ ಮುಂದೆಯೇ ಅವರ ಬಗ್ಗೆ ಇಬ್ಬರೂ ಆಡಿಕೊಂಡದ್ದು, ಎಲ್ಲವನ್ನೂ ನಾನು ಕೇಳಿದ್ದಲ್ಲ, ನೋಡಿದ್ದು. ಅಪ್ಪ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಎರಡು ಮಗ್ಗವನ್ನೂ ಅಮ್ಮನೇ ಓಡಿಸುತ್ತಿದ್ದಳು, ಲಕ್ವ ಹೊಡೆಯುವವರೆಗೂ.

ಮಗ್ಗದ ಆಚೆಗೆ ಮಾತ್ರ ಅಮ್ಮನ ದನಿ ಊರಗಲ. ಅಷ್ಟು ವರ್ಷ ಸದ್ದಿನಲ್ಲಿ ಬಾಳಿ ಕಿವಿ ಮಂದವಾಗಿತ್ತು, ತಾನು ಎಷ್ಟು ಜೋರಾಗಿ ಮಾತಾಡುತ್ತಿದ್ದೇನೆ ಎಂಬುದು ಅವಳಿಗೇ ಗೊತ್ತಾಗುತ್ತಿರಲಿಲ್ಲ. ಘಾಟಿ ಸುಬ್ಬರಾಯನ ಗುಡಿಗೆ ಹೋಗುವ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಮುಂದಿನ ಬಾಗಿಲಿನಲ್ಲಿದ್ದ ನನ್ನನ್ನು "ಅಮ್ಮಣ್ಣೀ" ಎಂದು ಕರೆದರೆ ಡ್ರೈವರು ಬ್ರೇಕು ಹಾಕುತ್ತಿದ್ದ. ಅಮ್ಮಣ್ಣಿ ಎನ್ನುವುದು ನನ್ನ ಹೆಸರಲ್ಲ. ನಮ್ಮ ಕಡೆ ಹೆಣ್ಣುಮಕ್ಕಳನ್ನು ಮುದ್ದಿಗೆ ಕರೆಯುವ ರೀತಿ. ನನ್ನ ನಿಜವಾದ ಹೆಸರನ್ನು ಅಮ್ಮ ಉಪಯೋಗಿಸಿದ್ದು ಶಾಲೆಗೆ ಸೇರಿಸುವಾಗ ಒಂದೇ ಸಲ ಇರಬೇಕು. ಕಾಲೇಜಿನ ದಿನಗಳಲ್ಲಿ ಆ ಕೂಗಿಗೆ ನಾನು ನಾಚಿ ಸಾಯುತ್ತಿದ್ದೆ. ಈಗ ಮನೆ ತುಂಬ ಪಕ್ಕದ ಗೋಡೆಗಳ ಮಗ್ಗದ ಸದ್ದು, ಅಮ್ಮನದು ಮಾತ್ರ ಇಲ್ಲ. ಒಮ್ಮೆ, ಒಂದೇ ಒಂದು ಸಲ, ಆ ಕೂಗು ಮತ್ತೆ ಕೇಳಬೇಕೆಂಬ ಆಸೆ ನನಗೆ ಹಸಿವಿನ ಹಾಗೆ ಹತ್ತಿಕೊಂಡಿತು.

ಹಾಗಾಗಿ ಡಾಕ್ಟರಮ್ಮ ಹೇಳಿದ ನಾಟಕಕ್ಕೆ ಒಪ್ಪಿದೆ. ಮನೆಗೆ ಬಂದ ದಿನವೇ ಅಮ್ಮ ಮಂಚದಿಂದ ತುಟಿ ಆಡಿಸಿದಳು, ಕಾಫಿ ಬೇಕೆಂದು. ನಾನು, "ಏನಮ್ಮ? ಕೇಳಿಸ್ಲಿಲ್ಲ" ಎಂದೆ. ಅಮ್ಮ ಮತ್ತೆ ತುಟಿ ಆಡಿಸಿದಳು, ಇನ್ನೂ ಅಗಲವಾಗಿ. "ಫ್ಯಾನ್ ಹಾಕ್ಬೇಕಾ?" ಎಂದೆ. ಮೂರನೆಯ ಸಲಕ್ಕೆ ಅವಳ ಮುಖದಲ್ಲಿ ಭಯ ಕಾಣಿಸಿತು. ತನ್ನ ತುಟಿಯೂ ಈಗ ತನ್ನ ಮಾತು ಕೇಳುತ್ತಿಲ್ಲವೇನೋ ಎಂಬ ಭಯ. ಎಡಗೈ ಬೆರಳಿನಿಂದ ತುಟಿಯನ್ನು ಮುಟ್ಟಿ ನೋಡಿಕೊಂಡಳು. ಅಡಿಗೆಮನೆಗೆ ಹೋಗಿ ಅತ್ತು, ನನ್ನಷ್ಟಕ್ಕೆ ನೆನಪಾದವಳ ಹಾಗೆ ಕಾಫಿ ಮಾಡಿಕೊಂಡು ಬಂದೆ.

ಅಮ್ಮ ದಡ್ಡಿಯಲ್ಲ. ವಾರ ಕಳೆಯುವುದರೊಳಗೆ ಅವಳಿಗೆ ಅನುಮಾನ ಬಂತು. ಪಕ್ಕದ ಮನೆಯ ದೊಡ್ಡಮ್ಮ ನೋಡಲು ಬಂದಿದ್ದಾಗ, ಆಕೆ ತಲೆ ತಿರುಗಿಸಿದ ಹೊತ್ತಿನಲ್ಲಿ ಅಮ್ಮ ನನ್ನ ಕಡೆ ತುಟಿ ಆಡಿಸಿದಳು: "ಈಯಮ್ಮ ಹಚ್ಕೊಂಡಿರೋ ಪೌಡ್ರು ನೋಡು, ಗೋಡೆಗೆ ಸುಣ್ಣ ಬಳ್ದಂಗೈತೆ." ನಾನು ಕೆನ್ನೆ ಒಳಗೆ ಕಚ್ಚಿಕೊಂಡೆ. ನಗು ತಡೆದದ್ದನ್ನು ಅಮ್ಮ ನೋಡಿಬಿಟ್ಟಳು. "ನಾಟಕ ಆಡ್ತಾವ್ಳೆ ಮುಂಡೇದು" ಎಂದು ಗೋಡೆಯ ಕಡೆ ತಿರುಗಿ ತುಟಿ ಆಡಿಸಿದಳು. ಅದಕ್ಕೂ ನಾನು, "ಏನಮ್ಮ? ಜೋರಾಗಿ ಹೇಳು" ಎಂದೆ. ಅವಳು ನನ್ನನ್ನು ನೋಡುವುದನ್ನೇ ಬಿಟ್ಟಳು. ತುಟಿಯನ್ನೂ ಆಡಿಸಲಿಲ್ಲ. ಮಾತು ತರಿಸಲು ಹೋಗಿ ಇದ್ದ ಮಾತನ್ನೂ ಕಳೆದೆನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು, ಡಾಕ್ಟರಮ್ಮನ ಮೇಲೂ ಬಂತು.

ಅವತ್ತು ದೊಡ್ಡಮ್ಮ ಹೊರಡುವಾಗ ಬಾಗಿಲಲ್ಲಿ ನಿಂತು, "ಘಾಟಿ ಸುಬ್ಬರಾಯಂಗೆ ಒಂದು ಗಂಟೆ ಕಟ್ತೀನಿ ಅಂತ ಹರಸ್ಕೊಳೇ, ದನಿ ಬತ್ತದೆ" ಎಂದರು. ಹೂಂ ಎಂದು ಹರಕೆ ಹೊತ್ತುಕೊಂಡೆ. ಆದರೆ ದೇವರ ಮೇಲೆ ಭಾರ ಹಾಕಿ ಕೈಕಟ್ಟಿ ಕೂರುವ ಜಾಯಮಾನ ನನ್ನದಲ್ಲ. ನಾನು ಯೋಚಿಸಿದ್ದು ಇಷ್ಟು. ಅಮ್ಮನಿಗೆ ನನ್ನ ನಾಟಕ ಗೊತ್ತಾಗಿದೆ. ಅವಳಿಗೆ ಬೇಕಾಗಿರುವುದು ನಾಟಕವಾಡದೆಯೇ ಅವಳ ತುಟಿ ಅರ್ಥವಾಗದ ಒಂದು ಜೀವ. ತುಟಿ ಎಷ್ಟು ಆಡಿಸಿದರೂ ಸುಮ್ಮನೆ ಕೂತಿರಬೇಕು, ದನಿ ಬಂದರೆ ಮಾತ್ರ ಎದ್ದು ಕುಣಿಯಬೇಕು. ಅಂಥದ್ದನ್ನು ಮಾಡುವ ವಿದ್ಯೆ ನನಗೆ ಗೊತ್ತಿತ್ತು.

ಒಂದು ಭಾನುವಾರ ಆಟದ ಗಿಣಿಯೊಂದನ್ನು ಮಾಡಲು ಅಮ್ಮನ ಮಂಚದ ಮುಂದೆಯೇ ಚಾಪೆ ಹಾಸಿ ಕೂತೆ. ಅಂಗೈಯಲ್ಲಿ ಹಿಡಿಸುವ ಮೈಕ್ರೋಕಂಟ್ರೋಲರ್ ಬೋರ್ಡು, ಉಗುರಿನಷ್ಟು ಮೈಕು, ರೆಕ್ಕೆ ಆಡಿಸಲು ಪುಟ್ಟ ಮೋಟಾರು, ಒಂದು ತುಂಡು ಬಣ್ಣದ ದೀಪದ ಪಟ್ಟಿ. ಇವೆಲ್ಲ ನನ್ನ ಹತ್ತಿರ ಇದ್ದವು. ಮೈ ಮಾತ್ರ ಏನು ಮಾಡುವುದೆಂದು ತೋಚದೆ ಒಂದು ಸಾಬೂನಿನ ಡಬ್ಬಿಯನ್ನು ಕೊರೆಯಲು ಹೊರಟೆ. ಹಿಂದಿನಿಂದ ಟಕ್ ಟಕ್ ಸದ್ದಾಯಿತು. ಅಮ್ಮ ಎಡಗೈಯಿಂದ ಮಂಚದ ಪಟ್ಟಿ ಬಡಿಯುತ್ತಿದ್ದಳು. ಬೆರಳು ಹಜಾರದ ಮೂಲೆಯನ್ನು ತೋರಿಸುತ್ತಿತ್ತು. ಅಲ್ಲಿ ಸವೆದು ಮೂಲೆ ಸೇರಿದ್ದ ಹಳೆಯ ಲಾಳಿ ಬಿದ್ದಿತ್ತು.

ಲಾಳಿಯನ್ನು ಕಂಡವರಿಗೆ ಗೊತ್ತು. ನೂಲಿನ ಕಂಡಿಕೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಮಗ್ಗದ ಒಳಗೆ ಓಡಾಡುವ ಮರದ ತುಂಡು. ಹೊಟ್ಟೆ ಪೊಳ್ಳು, ಎರಡೂ ತುದಿಗೆ ಚೂಪಾದ ಉಕ್ಕಿನ ಮೂತಿ. ಬೋರ್ಡು ಆ ಹೊಟ್ಟೆಯೊಳಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ಮುಂದಿನ ಮೂತಿಗೆ ನನ್ನ ಉಗುರಿನ ಕೆಂಪು ಬಣ್ಣ ಬಳಿದೆ, ಕೊಕ್ಕಾಯಿತು. ಬಾಲಕ್ಕೆ ಜಕಾರ್ಡಿನ ಅಟ್ಟೆ. ಸೀರೆಯ ಅಂಚಿನಲ್ಲಿ ಹೂವು ಬಳ್ಳಿ ಮೂಡಿಸಲು ಮಗ್ಗದ ಮೇಲೆ ತೂಗುಹಾಕುವ, ಮೈತುಂಬ ತೂತಿರುವ ರಟ್ಟಿನ ಪಟ್ಟಿಗಳು ಅವು. ಅಮ್ಮನೇ ಹಳೆಯ ಕಟ್ಟಿನಿಂದ ಒಂದೊಂದನ್ನೇ ಎತ್ತಿ ನೋಡಿ, ಬೇಡವೆಂದು ಬದಿಗಿಟ್ಟು, ಕೊನೆಗೆ ಅವಳು ಮೆಚ್ಚಿದ್ದ ಮಾವಿನಕಾಯಿ ಅಂಚಿನ ಅಟ್ಟೆಗಳನ್ನು ಕೊಟ್ಟಳು. ಎರಡನ್ನು ರೆಕ್ಕೆಯಾಗಿ ಮೋಟಾರಿಗೆ ಸಿಕ್ಕಿಸಿ, ಉಳಿದವನ್ನು ಬೀಸಣಿಗೆಯ ಹಾಗೆ ಜೋಡಿಸಿ ಹಿಂದೆ ದೀಪ ಕೂರಿಸಿದೆ. ಹಚ್ಚಿದಾಗ ತೂತು ತೂತಿನಿಂದ ಬೆಳಕು ಬಂತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ನಮ್ಮಿಬ್ಬರಿಗೂ ಅದು ಗಿಣಿಯ ಹಾಗೇ ಕಂಡಿತು. ದೊಡ್ಡಮ್ಮ ನೋಡಿ, "ಏನೇ ಇದು, ಮೊಸಳೆನಾ?" ಎಂದರು.

ಬೋರ್ಡಿನೊಳಗೆ ಪ್ರೋಗ್ರಾಮು ಬರೆದು ಗಿಣಿಗೆ ನಾನು ಕಲಿಸಿದ ಪಾಠ ಸರಳವಾಗಿತ್ತು. ಸದ್ದು ಸಣ್ಣಗೆ ಬಂದರೆ ಬಾಲದ ಒಂದು ಗರಿ ಹತ್ತಬೇಕು. ಜೋರಾದಂತೆ ಒಂದೊಂದೇ ಗರಿ ಸೇರಿ ಕೊನೆಗೆ ಬಾಲ ಪೂರ್ತಿ ಬೆಳಗಿ ರೆಕ್ಕೆ ಬಡಿಯಬೇಕು. ತಂತಿ ಸಿಕ್ಕಿಸಿದ ಕ್ಷಣವೇ ಬಾಲವೆಲ್ಲ ಹತ್ತಿ, ರೆಕ್ಕೆ ದೆವ್ವ ಹಿಡಿದ ಹಾಗೆ ಬಡಿದುಕೊಂಡು, ಗಿಣಿ ಚಾಪೆಯ ಮೇಲೆ ಹೊರಳಾಡಿತು. ಎರಡೂ ಪಕ್ಕದ ಗೋಡೆಗಳ ಮಗ್ಗಗಳನ್ನು ನಾನು ಮರೆತೇಬಿಟ್ಟಿದ್ದೆ. ಮಗ್ಗದ ಮನೆಯಲ್ಲಿ ಹುಟ್ಟಿದವರಿಗೆ ಮಗ್ಗದ ಸದ್ದು ಸದ್ದೇ ಅಲ್ಲ, ಅದು ನಮಗೆ ನಿಶ್ಶಬ್ದ. ಆ ಉಗುರಿನಷ್ಟು ಮೈಕಿಗೆ ಹಾಗಲ್ಲವಲ್ಲ. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ದನಿ ಇಲ್ಲದ ನಗು, ಆದರೂ ಲಕ್ವ ಹೊಡೆದ ಮೇಲಿನ ಮೊದಲ ನಗು.

ಆ ವಾರವೆಲ್ಲ ಕುಳಿತು ಗಿಣಿಗೆ ಇನ್ನೊಂದು ಪಾಠ ಬರೆದೆ. ಸುತ್ತ ಬಿಡದೆ ಬರುತ್ತಿರುವ ಸದ್ದು ಎಷ್ಟಿದೆ ಎಂದು ಅದು ತಾನೇ ಅಳೆದುಕೊಳ್ಳಬೇಕು, ಅದನ್ನೇ ನಿಶ್ಶಬ್ದವೆಂದು ತಿಳಿಯಬೇಕು, ಅದರ ಮೇಲೆ ಏನು ಬಂದರೂ ಅದೇ ಮಾತು. ಅಂದರೆ ಗಿಣಿಯನ್ನೂ ಮಗ್ಗದ ಬೀದಿಯವಳನ್ನಾಗಿ ಮಾಡಿದೆ. ಕೆಲಸ ಮಾಡಿತು. ಮಗ್ಗ ಓಡುತ್ತಿದ್ದರೂ ಸುಮ್ಮನೆ ಕೂತಿತು, ಚಪ್ಪಾಳೆ ತಟ್ಟಿದರೆ ಕುಣಿಯಿತು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಅಮ್ಮನ ಮುಂದೆ ತಂದಿಟ್ಟು, "ಇದಕ್ಕೆ ತುಟಿ ಓದಕ್ಕೆ ಬರಲ್ಲಮ್ಮ. ಆಣೆ ಮಾಡಿ ಹೇಳ್ತೀನಿ" ಎಂದೆ. ಅಮ್ಮ ನನ್ನನ್ನೊಮ್ಮೆ ಓರೆಗಣ್ಣಿನಿಂದ ನೋಡಿದಳು. ಆಮೇಲೆ ಡಾಕ್ಟರಮ್ಮ ಕಲಿಸಿದ ಹಾಗೆ ಎದೆ ತುಂಬ ಉಸಿರೆಳೆದು, ಕಣ್ಣು ಮುಚ್ಚಿ, "ಆ" ಎಂದಳು. ತೆಳ್ಳಗೆ, ಬಾಗಿಲು ಕಿರುಗುಟ್ಟಿದ ಹಾಗೆ ಒಂದು ದನಿ. ದನಿಯೇ. ಗಿಣಿಯ ಬಾಲದಲ್ಲಿ ಒಂದು ಗರಿ ಹತ್ತಿತು, ಎರಡು ಹತ್ತಿತು. ಅಮ್ಮ ಕಣ್ಣು ತೆರೆದು ಅದನ್ನು ಕಂಡಳು, ನಿಲ್ಲಿಸಲಿಲ್ಲ, ಎಳೆದಳು. ಎಳೆಯುತ್ತಲೇ ಇದ್ದಳು. ಆಗ ಎರಡನೆಯ ಗರಿ ಆರಿತು. ಅಮ್ಮ ಇನ್ನೂ ಎಳೆಯುತ್ತಿದ್ದಳು, ಕುತ್ತಿಗೆಯ ನರ ಉಬ್ಬಿತ್ತು. ಮೊದಲನೆಯದೂ ಆರಿತು. ದನಿ ಇದ್ದ ಹಾಗೇ ಗಿಣಿ ಕತ್ತಲಾಯಿತು.

ಏನಾಗಿತ್ತೆಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಏರಿಳಿತವಿಲ್ಲದೆ ಒಂದೇ ಸಮ ಬರುವ ಸದ್ದನ್ನು ನಿಶ್ಶಬ್ದವೆಂದು ತಿಳಿ ಎಂದು ಅದಕ್ಕೆ ಹೇಳಿಕೊಟ್ಟವಳು ನಾನೇ. ಅಮ್ಮನ "ಆ" ಒಂದೇ ಸಮ ಬಂತು. ಅದನ್ನೂ ಮಗ್ಗದ ಸದ್ದಿನ ಲೆಕ್ಕಕ್ಕೆ ಸೇರಿಸಿ ಗಿಣಿ ಕಳೆದುಹಾಕಿತು. ಎಷ್ಟೋ ದಿನದ ಮೇಲೆ ಅಮ್ಮ ಹೊರಡಿಸಿದ ಮೊದಲ ದನಿಯನ್ನು ನನ್ನ ಕೈಯಾರೆ ಮಾಡಿದ ವಸ್ತುವೇ ದನಿಯಲ್ಲ ಎಂದಿತ್ತು. ಅಮ್ಮ ದಿಂಬಿಗೆ ಒರಗಿ ಬೇರೆ ಕಡೆ ನೋಡುತ್ತಿದ್ದಳು. ಇದ್ದದ್ದನ್ನು ಇದ್ದ ಹಾಗೇ ಅವಳಿಗೆ ವಿವರಿಸಿದೆ. ನಿನ್ನ ದನಿ ಬಂತು, ನನಗೆ ಕೇಳಿಸಿತು, ಈ ಮುಂಡೇದು ಅದನ್ನು ಮಗ್ಗ ಅಂದುಕೊಂಡಿತು ಎಂದೆ.

ಅಮ್ಮ ಬಹಳ ದಿನಗಳ ಮೇಲೆ ನನ್ನ ಕಡೆ ತಿರುಗಿ ತುಟಿ ಆಡಿಸಿದಳು. "ಅದ್ರದ್ದೇನ್ ತಪ್ಪು ಬಿಡು. ಇಷ್ಟು ವರ್ಷ ಮಗ್ಗದ ಜೊತೆ ಬಾಳ್ವೆ ಮಾಡಿದ್ದೀನಿ, ನನ್ ದನಿನೂ ಅದರಂಗೇ ಆಗೋಗೈತೆ."

ಅವಳ ಕುತ್ತಿಗೆ ತಬ್ಬಿಕೊಂಡು ನಗಬೇಕೆನಿಸಿತು, ಅಳಬೇಕೆನಿಸಿತು. ಆದರೆ ಅರ್ಥವಾಗಬಾರದಿತ್ತಲ್ಲ. "ಏನಮ್ಮ? ಕೇಳಿಸ್ಲಿಲ್ಲ" ಎಂದೆ. ನನ್ನ ಬದುಕಿನಲ್ಲಿ ನಾನು ಆಡಿದ ಮಾತುಗಳಲ್ಲಿ ಅಷ್ಟು ಕಷ್ಟಪಟ್ಟು ಆಡಿದ್ದು ಇನ್ನೊಂದಿಲ್ಲ.

ಇದಕ್ಕೆ ದಾರಿ ಒಂದೇ ಇತ್ತು. ಬೀದಿ ನಿಜವಾಗಿಯೂ ಸುಮ್ಮನಾಗುವುದು ಕರೆಂಟು ಹೋದಾಗ. ಆಗ ಏನನ್ನೂ ಕಳೆಯುವ ಅಗತ್ಯವಿಲ್ಲ. ಗಿಣಿಯ ಹೊಟ್ಟೆಗೆ ಒಂದು ಪುಟ್ಟ ಸ್ವಿಚ್ಚು ಹಾಕಿ, ಬೇಕಾದಾಗ ಆ ಎರಡನೆಯ ಪಾಠವನ್ನು ಮರೆಯುವ ಹಾಗೆ ಮಾಡಿ, ಫೋನಿಗೆ ಇಟ್ಟುಕೊಂಡಿದ್ದ ಪವರ್ ಬ್ಯಾಂಕ್ ಜೋಡಿಸಿದೆ. ಅಲ್ಲಿಂದ ನಮ್ಮ ಮನೆಯಲ್ಲಿ ಕರೆಂಟು ಹೋಗುವುದನ್ನು ಕಾಯುವುದೇ ಕೆಲಸವಾಯಿತು. ಬೀದಿಯಲ್ಲಿ ಮಗ್ಗಗಳು ಗಕ್ಕನೆ ನಿಂತರೆ ಎಲ್ಲ ಮನೆಯವರೂ ಹೊರಗೆ ಬಂದು ಕರೆಂಟಿನವರ ವಂಶವನ್ನೆಲ್ಲ ಎತ್ತಿ ಬೈಯುತ್ತಿದ್ದರು. ನಾನು ಫ್ಯಾಕ್ಟರಿಯಿಂದ ಬಂದಿದ್ದರೆ ಓಡಿಹೋಗಿ ಬಾಗಿಲು ಹಾಕಿ ಗಿಣಿಯನ್ನು ಮಂಚದ ಮೇಲೆ ಇಡುತ್ತಿದ್ದೆ. ಅಮ್ಮ ಅಷ್ಟರಲ್ಲಿ ದಿಂಬಿಗೆ ಒರಗಿ ಕೂತಿರುತ್ತಿದ್ದಳು.

ಆ ನಿಶ್ಶಬ್ದದಲ್ಲಿ ಅಮ್ಮನ "ಆ" ಆರಲಿಲ್ಲ. ಒಂದು ಗರಿ, ಎರಡು ಗರಿ, ಉಸಿರು ಇರುವವರೆಗೂ ಹತ್ತಿಕೊಂಡೇ ಇತ್ತು. ಅಮ್ಮ ಅದನ್ನು ಕೆಣಕಲು ಶುರುಮಾಡಿದಳು. ಮೊದಲು ತುಟಿ ಮಾತ್ರ ಆಡಿಸಿ ಅದು ಸುಮ್ಮನಿರುವುದನ್ನು ನೋಡುವಳು, ಆಮೇಲೆ ದನಿ. ನನ್ನ ಮೇಲಿದ್ದ ನಂಬಿಕೆ ಹೋಗಿದ್ದರೂ ಗಿಣಿಯ ಮೇಲೆ ಬಂದಿತ್ತು. ಅದು ನಾಟಕ ಆಡುವುದಿಲ್ಲ ಎಂದು ಅವಳಿಗೆ ಗೊತ್ತಾಗಿತ್ತು. ಮಳೆಗಾಲದ ಒಂದು ಸಂಜೆ ಅವಳು ಅದರ ಕಡೆ ಬೆರಳು ಮಡಚಿ, "ಬಾ" ಎಂದಳು. ಸ್ಪಷ್ಟವಾಗಿ. ರೆಕ್ಕೆ ಬಡಿಯಿತು. ನಾನು ಬಾಗಿಲ ಬಳಿ ನಿಂತಿದ್ದೆ. ಸಂತೋಷದ ಜೊತೆಗೆ ಹೊಟ್ಟೆಕಿಚ್ಚೂ ಆಯಿತೆಂದರೆ ನಗಬೇಡಿ. ಹೆತ್ತ ಮಗಳು ನಾನು ನಿಂತಿದ್ದೇನೆ, ಮೊದಲ ಮಾತು ಮರದ ತುಂಡಿಗೆ ದಕ್ಕಿತು.

ಡಾಕ್ಟರಮ್ಮ ಗಿಣಿಯನ್ನು ನೋಡಬೇಕೆಂದರು. ಕ್ಲಿನಿಕ್ಕಿಗೆ ಒಯ್ದೆವು. ಅಲ್ಲಿ ಅಮ್ಮ ಅದರ ಮುಂದೆ "ಅಮ್ಮ" ಎಂದಳು. ಡಾಕ್ಟರಮ್ಮನಿಗೆ ಖುಷಿಯೋ ಖುಷಿ. "ಎಲ್ಲರೂ ಮೊದಲು ಅನ್ನೋದು ಅದೇ, ತಾಯಿ ನೆನಪು" ಎಂದರು. ಆದರೆ ಅಮ್ಮ ತನ್ನ ತಾಯಿಯನ್ನು ಕರೆಯುತ್ತಿದ್ದುದು ಅವ್ವ ಎಂದು. ಅವಳು ಹೊರಟದ್ದು ಅಮ್ಮಣ್ಣಿ ಎನ್ನಲು, ಅರ್ಧಕ್ಕೆ ನಿಂತಿತ್ತು. ನನ್ನ ಕಡೆ ನೋಡಿ ಮತ್ತೆ ಪ್ರಯತ್ನಪಟ್ಟಳು, "ಅಮ್ಮ" ಎನ್ನುವಲ್ಲಿಗೆ ನಾಲಿಗೆ ತಡವರಿಸಿತು. ತಪ್ಪಾಗಿ ಅನ್ನಲು ಅವಳು ತಯಾರಿಲ್ಲ, ಬಾಯಿ ಮುಚ್ಚಿಕೊಂಡಳು. ಆಮೇಲೆ ನಾನು ಮೆಲ್ಲಗೆ ಕೇಳಿದ್ದಕ್ಕೆ ಡಾಕ್ಟರಮ್ಮ, "ಣ ಅನ್ನೋದಕ್ಕೆ ನಾಲಿಗೆ ಹಿಂದಕ್ಕೆ ಮಡಚಬೇಕು. ಅವರಿಗೆ ಅದೇ ಎಲ್ಲಕ್ಕಿಂತ ಕಷ್ಟ. ಬರುತ್ತೆ, ಬಿಡಬೇಡಿ. ನೀವು ಮಾತ್ರ ಅರ್ಥ ಆಯ್ತು ಅಂತ ತೋರಿಸ್ಕೋಬೇಡಿ" ಎಂದರು.

ಬಿಡಲಿಲ್ಲ. ಕರೆಂಟು ಹೋದಾಗಲೆಲ್ಲ ಆ "ಣ"ಕ್ಕಾಗಿ ಇಬ್ಬರೂ ಕೂತೆವು. ಊಟ, ನೀರು, ಬೇಡ, ಸಾಕು, ಒಂದೊಂದೇ ಮಾತು ಕುಂಟುತ್ತ ಬಂದವು. ದೊಡ್ಡಮ್ಮನನ್ನು ಕಂಡು "ಹೋಗ್" ಎಂದಾಗ ಆಕೆ ಸಂತೋಷದಿಂದ ಕಣ್ಣೀರು ಹಾಕಿದರು. "ಣ" ಬರಲಿಲ್ಲ. ತುಟಿಯಲ್ಲಿ ಮಾತ್ರ ಅಮ್ಮ ನನ್ನನ್ನು ಆ ಹೆಸರಿನಿಂದ ಎಷ್ಟೋ ಸಲ ಕರೆದಳು. ನಾನು ನೋಡಿದೆ, ನೋಡದವಳ ಹಾಗೆ ಇದ್ದೆ. ಬಂದೇ ಬರುತ್ತದೆ ಎಂದು ನಂಬಿದ್ದೆ. ಅಷ್ಟು ಬಂದಮೇಲೆ ಇಷ್ಟು ಬಾರದೇ ಇರುತ್ತದೆಯೇ.

ಬಂದದ್ದು ಬೇರೆ. ನುಂಗುವ ಶಕ್ತಿ ಕಡಿಮೆಯಾಗಿದ್ದ ಅಮ್ಮನಿಗೆ ಗಂಜಿ ಅಡ್ಡದಾರಿಯಲ್ಲಿ ಶ್ವಾಸಕೋಶಕ್ಕಿಳಿದು ಎದೆ ಕಟ್ಟಿತು, ಜ್ವರ ಬಂತು. ಲಕ್ವದವರಿಗೆ ಇದು ಆಗುವುದುಂಟಂತೆ. ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಕರೆದೊಯ್ದೆವು. ತೀವ್ರ ನಿಗಾ ಘಟಕದಲ್ಲಿ ಸೇರಿಸಿಕೊಂಡರು. ಸಂಜೆ ಮಾತ್ರ ಒಬ್ಬೊಬ್ಬರನ್ನು ಒಳಗೆ ಬಿಡುತ್ತಿದ್ದರು.

ಎರಡನೆಯ ಸಂಜೆ ನಾನು ಹೋದಾಗ ಅಮ್ಮನಿಗೆ ಪೂರ್ತಿ ಎಚ್ಚರವಿತ್ತು. ಮೂಗು ಬಾಯಿ ಮುಚ್ಚುವ ಆಮ್ಲಜನಕದ ಮುಖವಾಡ ಹಾಕಿದ್ದರು. ಸುತ್ತ ಯಂತ್ರಗಳ ಸದ್ದು. ಅವಳು ನನ್ನನ್ನು ಕಂಡ ತಕ್ಷಣ ಏನನ್ನೋ ಹೇಳತೊಡಗಿದಳು. ಗಲ್ಲ ಅಲ್ಲಾಡುವುದು ಕಾಣಿಸಿತು. ಮುಖವಾಡದ ಒಳಗೆ ಆವಿ ಕಟ್ಟಿ ತುಟಿ ಕಾಣುತ್ತಿರಲಿಲ್ಲ. ಆವಿ ಬರುತ್ತಿತ್ತು, ಹೋಗುತ್ತಿತ್ತು, ಮಾತಾಡುತ್ತಿದ್ದಾಳೆ ಎಂಬುದಷ್ಟೇ ತಿಳಿಯುತ್ತಿತ್ತು. ಬಗ್ಗಿ ಕಿವಿ ಇಟ್ಟೆ. ಆಮ್ಲಜನಕದ ಬುಸುಗುಟ್ಟುವಿಕೆ ಬಿಟ್ಟು ಏನೂ ಕೇಳಿಸಲಿಲ್ಲ. ಮುಖವಾಡ ಒಂದು ಕ್ಷಣ ತೆಗೆಯಬಹುದೇ ಎಂದು ನರ್ಸನ್ನು ಕೇಳಿದೆ. ಈಗ ಬೇಡಮ್ಮ, ಆಕ್ಸಿಜನ್ ಇಳಿಯುತ್ತೆ ಎಂದರು.

"ಅರ್ಥ ಆಗ್ತಿಲ್ಲಮ್ಮ" ಎಂದೆ.

ಅಮ್ಮ ನನ್ನನ್ನು ನೋಡಿದ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ಮನೆಯಲ್ಲಿ ನಾನು ಕೇಳಿಸಲಿಲ್ಲ ಎಂದಾಗಲೆಲ್ಲ ನೋಡುತ್ತಿದ್ದ ನೋಟ ಅದು. ನಾಟಕ ಆಡ್ತಾವ್ಳೆ ಎನ್ನುವುದು.

"ನಾಟಕ ಅಲ್ಲಮ್ಮ. ನಿಜವಾಗ್ಲೂ ಕಾಣಿಸ್ತಿಲ್ಲ. ನಿನ್ನಾಣೆಗೂ." ಅವಳು ನಂಬಲಿಲ್ಲ. ಸರಿ, ನಿನಗೆ ದನಿ ತಾನೇ ಬೇಕು ಎನ್ನುವ ಹಾಗೆ ಕಣ್ಣು ಮುಚ್ಚಿ, ಡಾಕ್ಟರಮ್ಮ ಕಲಿಸಿದ ಹಾಗೆ ಎದೆ ತುಂಬ ಉಸಿರೆಳೆಯಲು ಹೊರಟಳು. ಎದೆ ಅರ್ಧಕ್ಕೆ ಏರಿ ನಡುಗಿತು. ಕುತ್ತಿಗೆಯ ನರ ಉಬ್ಬಿತು. ಯಂತ್ರ ಕೂಗಿಕೊಂಡಿತು. ನರ್ಸು ಓಡಿಬಂದು, "ಮಾತಾಡಿಸ್ಬೇಡಿ ಅವರನ್ನ" ಎಂದರು. ಅಮ್ಮ ಕೇಳಲಿಲ್ಲ, ಮತ್ತೆ ಉಸಿರೆಳೆಯಲು ನೋಡಿದಳು. ಮುಖವಾಡ ಪೂರ್ತಿ ಬೆಳ್ಳಗಾಯಿತು.

ನಾನು ಅವಳ ಎಡಗೈ ಹಿಡಿದು, ಬೇಗ ಬೇಗ ತಲೆಯಾಡಿಸಿ, "ಹೂಂ ಅಮ್ಮ, ಆಯ್ತು. ಅರ್ಥ ಆಯ್ತು" ಎಂದೆ.

ಏನೂ ಅರ್ಥವಾಗಿರಲಿಲ್ಲ. ಮರುದಿನ ಬೆಳಿಗ್ಗೆ ಅವಳು ಹೋದಳು. ನನ್ನನ್ನು ಕರೆದಳೋ, ನೀರು ಕೇಳಿದಳೋ, ಮನೆಗೆ ಕರೆದುಕೊಂಡು ಹೋಗು ಎಂದಳೋ, ಇವತ್ತಿ‌ಗೂ ನನಗೆ ಗೊತ್ತಿಲ್ಲ. ನನ್ನ ನಾಟಕ ಹಿಡಿಯುವುದರಲ್ಲಿ ಅವಳು ಎತ್ತಿದ ಕೈ. ಆ ಸಂಜೆ ಮಾತ್ರ ಏಳುತ್ತಿದ್ದ ಉಸಿರನ್ನು ಕೆಳಗಿಳಿಸಿ, ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ನಂಬಿದವಳ ಹಾಗೆ ಕಣ್ಣು ಮುಚ್ಚಿಕೊಂಡಳು.